ಒಣಗುಡ್ಡದ ಬೇಸಿಗೆ: ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ

ಏಪ್ರಿಲ್ ತಿಂಗಳಲ್ಲಿ ಹೆದ್ದಾರಿಯಿಂದ ಚಿತ್ರದುರ್ಗದ ಗುಡ್ಡಗಳನ್ನು ನೋಡಿದವರು ಅಲ್ಲಿ ನಡೆದಾಡಬೇಕೆಂದು ಆಸೆಪಡುವುದು ಅಪರೂಪ. ಹುಲ್ಲು ಒಣಗಿ ಬಿಳಿಚಿರುತ್ತದೆ, ಮರಗಳು ಬರಿ ಕಡ್ಡಿಯಾಗಿ ನಿಂತಿರುತ್ತವೆ, ಬಂಡೆಗಳ ಮೇಲೆ ಬಿಸಿಲಿನ ಝಳ ಕುಣಿಯುತ್ತಿರುತ್ತದೆ. ರಜೆಗೆ ಬಂದ ಮಕ್ಕಳನ್ನು ಕರೆದುಕೊಂಡು ಜನ ಆಗುಂಬೆಯ ಕಡೆಗೋ ಜೋಗದ ಕಡೆಗೋ ಹೊರಡುತ್ತಾರೆ. ಪ್ರಾಣಿ ಪಕ್ಷಿ ನೋಡುವ ಆಸೆಯಿಂದ ಹೊರಟವರಾದರೆ ಅದು ತಲೆಕೆಳಗಾದ ಲೆಕ್ಕ. ಮಲೆನಾಡಿನ ದಟ್ಟ ಕಾಡಿನಲ್ಲಿ ಹತ್ತು ಅಡಿ ದೂರದ ಪ್ರಾಣಿಯೂ ಎಲೆಯ ಹಿಂದೆ ಕಾಣೆಯಾಗುತ್ತದೆ. ಬಯಲುಸೀಮೆಯ ಕುರುಚಲು ಕಾಡಿಗೆ ಬೇಸಿಗೆ ಬಂತೆಂದರೆ ಅಲ್ಲಿನ ಜೀವಿಗಳಿಗೆ ಮರೆಯೂ ಕಡಿಮೆ, ಆಯ್ಕೆಯೂ ಕಡಿಮೆ.

ಆಯ್ಕೆ ಕಡಿಮೆ ಎಂಬುದೇ ಇಲ್ಲಿ ಮುಖ್ಯ. ಆಗಸ್ಟ್ ತಿಂಗಳಲ್ಲಿ ಪ್ರತಿ ಹಳ್ಳದಲ್ಲಿ ನೀರಿರುತ್ತದೆ, ಪ್ರತಿ ಪೊದೆಯಲ್ಲಿ ಮೇವಿರುತ್ತದೆ. ಆದ್ದರಿಂದ ಒಂದು ಪ್ರಾಣಿ ಇಂಥಲ್ಲೇ ಇರಬೇಕೆಂಬ ಒತ್ತಾಯವಿಲ್ಲ. ಏಪ್ರಿಲ್ ಹೊತ್ತಿಗೆ ನೀರು ನಾಲ್ಕಾರು ಕಡೆ ಉಳಿದಿರುತ್ತದೆ, ನೆರಳು ಬಂಡೆಗಳ ಸಂದಿಗೆ ಸರಿದಿರುತ್ತದೆ, ಓಡಾಡಲು ತಕ್ಕ ತಂಪು ಬೆಳಿಗ್ಗೆಯ ಎರಡು ತಾಸು, ಸಂಜೆಯ ಎರಡು ತಾಸಿಗೆ ಇಳಿದಿರುತ್ತದೆ. ಎಲ್ಲ ಜೀವಿಗಳೂ ಇದೇ ಇಕ್ಕಟ್ಟಿನೊಳಗೆ ದಿನ ದೂಡಬೇಕು. ನೀರು ಎಲ್ಲಿ, ನೆರಳು ಎಲ್ಲಿ, ಹೊತ್ತು ಎಷ್ಟು ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದವರಿಗೆ ದಾರಿಯಲ್ಲಿ ಯಾರು ಎದುರಾಗಬಹುದೆಂದು ಅಂದಾಜು ಮಾಡುವುದು ಕಷ್ಟವಲ್ಲ.

ಮೊದಲು ಬಿಸಿಲಿನ ವಿಚಾರ. ಪತ್ರಿಕೆಯಲ್ಲಿ ಬರುವ 38 ಡಿಗ್ರಿ ಎಂಬ ಅಂಕಿ ನೆರಳಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿ ಅಳೆದ ಗಾಳಿಯ ಉಷ್ಣತೆ. ನೆಲಕ್ಕೆ ಹತ್ತಿರ ಬದುಕುವವರಿಗೆ ಆ ಅಂಕಿ ಉಪಯೋಗಕ್ಕೆ ಬಾರದು. ನೇರ ಬಿಸಿಲಿಗೆ ಬಿದ್ದ ಬೋಳು ಬಂಡೆಯ ಮೈ ಮಧ್ಯಾಹ್ನ 50 ಡಿಗ್ರಿ ದಾಟುತ್ತದೆ. ಅದೇ ಬಂಡೆಯ ಬುಡದ ಸೀಳಿನೊಳಗೆ ಕೈ ಹಾಕಿದರೆ ತಣ್ಣಗಿರುತ್ತದೆ (ಹಾವು ಚೇಳುಗಳಿಗೂ ಈ ವಿಷಯ ಗೊತ್ತಿರುವುದರಿಂದ ಪರೀಕ್ಷಿಸಲು ಹೋಗಬೇಡಿ). ಒಂದೇ ಬಂಡೆಯಲ್ಲಿ, ಒಂದು ಮಾರು ಅಂತರದಲ್ಲಿ, ಹತ್ತಿಪ್ಪತ್ತು ಡಿಗ್ರಿಯ ವ್ಯತ್ಯಾಸ. ದುರ್ಗದ ಗುಡ್ಡಗಳು ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವುದರಿಂದ ಇಂಥ ಸೀಳು, ಗವಿ, ಪೊಟರೆಗಳಿಗೆ ಲೆಕ್ಕವಿಲ್ಲ. ಹೊರಗಿನಿಂದ ಕಾಯ್ದ ಹೆಂಚಾಗಿ ಕಾಣುವ ಗುಡ್ಡ ಒಳಗಿನಿಂದ ತಂಪಾದ ಕೋಣೆಗಳ ಸಾಲು.

ಈ ವ್ಯತ್ಯಾಸವನ್ನು ಹೇಗೆ ಬಳಸಿಕೊಳ್ಳಬೇಕೆಂದು ತಿಳಿಯಲು ಬಂಡೆಯ ಓತಿಕೇತವನ್ನು ಒಂದರ್ಧ ಗಂಟೆ ನೋಡಿದರೆ ಸಾಕು. ಓತಿಕೇತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರೆ. ದುರ್ಗದಲ್ಲಿ ಬೇಲಿಯ ಬದಲು ಬಂಡೆ. ಬೆಳಿಗ್ಗೆ ಏಳರ ಹೊತ್ತಿಗೆ ಅದು ಪೂರ್ವಕ್ಕೆ ಮುಖ ಮಾಡಿದ ಕಲ್ಲಿನ ಮೇಲೆ ಮೈಯನ್ನು ಚಪ್ಪಟೆ ಮಾಡಿ, ಪಕ್ಕೆ ಅಗಲಿಸಿ ಮಲಗಿರುತ್ತದೆ. ಅದರ ದೇಹ ನಮ್ಮಂತೆ ಒಳಗಿನಿಂದ ಶಾಖ ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ಎರವಲು ತರಬೇಕು. ಎಂಟು ದಾಟಿದ ಮೇಲೆ ಮುಂಗಾಲು ನೀಡಿ ಎದೆಯೆತ್ತುತ್ತದೆ. ಮೈಗೂ ಕಲ್ಲಿಗೂ ನಡುವೆ ಗಾಳಿ ಸುಳಿಯುತ್ತದೆ. ಹತ್ತರ ಸುಮಾರಿಗೆ ಕಲ್ಲಿನ ಪಡುವಣ ಪಕ್ಕಕ್ಕೆ ಸರಿಯುತ್ತದೆ, ಬಿಸಿಲು ನೆತ್ತಿಗೇರಿದಾಗ ಸೀಳಿನೊಳಗೆ ಮಾಯ. ಬೇಸಿಗೆ ಅದರ ಕೂಡುವ ಕಾಲವೂ ಹೌದು. ಬೂದು ಬಣ್ಣದ ಹೆಣ್ಣು ಕಲ್ಲಿನಲ್ಲಿ ಕಲ್ಲಾಗಿ ಕುಳಿತಿದ್ದರೆ, ಗಂಡಿನ ಬೆನ್ನು ಕಿತ್ತಳೆಗೆಂಪು, ಪಕ್ಕೆ ಕಾಲುಗಳು ಕಡುಗಪ್ಪು. ಈ ಬಣ್ಣ ಬಳಿದಿಟ್ಟ ಹಾಗೆ ಸ್ಥಿರವಾಗಿರುವುದಿಲ್ಲ. ಹೆಣ್ಣು ಕಂಡಾಗ ಒಂದು ಬಗೆ, ಎದುರಾಳಿ ಗಂಡು ಬಂದಾಗ ಇನ್ನೊಂದು ಬಗೆ, ನೋಡನೋಡುತ್ತಿರುವಾಗಲೇ ಬದಲಾಗುತ್ತದೆ. ಅಷ್ಟು ಎದ್ದು ಕಾಣುವ ಬಣ್ಣ ಹೊತ್ತು ಎತ್ತರದ ಕಲ್ಲಿನ ಮೇಲೆ ಕೂರುವುದೆಂದರೆ ಹದ್ದಿಗೂ ಆಮಂತ್ರಣ ಕೊಟ್ಟಂತೆ. ಆದ್ದರಿಂದಲೇ ಸೀಳಿಗೆ ಹತ್ತಿರವಿರುವ, ದೂರದವರೆಗೆ ಕಾಣುವ ಕಲ್ಲಿಗಾಗಿ ಗಂಡುಗಳ ನಡುವೆ ಅಷ್ಟೊಂದು ಕಾದಾಟ.

ಹಕ್ಕಿಗಳ ಕಷ್ಟ ಬೇರೆ. ಅವುಗಳ ದೇಹದ ಉಷ್ಣತೆ ಮೊದಲೇ 40 ಡಿಗ್ರಿ ದಾಟಿರುತ್ತದೆ, ಬೆವರಲು ಗ್ರಂಥಿಗಳೇ ಇಲ್ಲ. ಮಧ್ಯಾಹ್ನ ನೆರಳಿನಲ್ಲಿ ಕುಳಿತ ಕಾಗೆ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಅದು ಗಂಟಲಿನ ಹಸಿ ಒಳಪದರದಿಂದ ನೀರು ಆವಿಯಾಗಿಸಿ ಮೈ ತಣಿಸಿಕೊಳ್ಳುತ್ತಿದೆ ಎಂದರ್ಥ. ಹೀಗೆ ತಣಿಯಲು ನೀರು ಖರ್ಚಾಗುತ್ತದೆ, ನೀರಿಗೆ ಹಾರಿ ಹೋದರೆ ಮತ್ತೆ ಮೈ ಕಾಯುತ್ತದೆ. ಅದಕ್ಕೇ ಹನ್ನೊಂದರಿಂದ ನಾಲ್ಕರವರೆಗೆ ಸದ್ದಿಲ್ಲದೆ ಕೂರುವುದು. ಹದ್ದು ಗಿಡುಗಗಳು ಮಾತ್ರ ಇದಕ್ಕೆ ಹೊರತು. ಕಾದ ಬಂಡೆಗಳ ಮೇಲಿನ ಗಾಳಿ ಹಗುರಾಗಿ ಕಂಬದಂತೆ ಮೇಲೇಳುತ್ತದೆ, ಅದರೊಳಗೆ ರೆಕ್ಕೆ ಚಾಚಿ ಸುತ್ತುತ್ತ ಅವು ಬಡಿತವೊಂದೂ ಇಲ್ಲದೆ ಎತ್ತರದ ತಂಪಿಗೆ ಏರುತ್ತವೆ.

ಹಳ್ಳದ ದಂಡೆಯಲ್ಲೋ ಬೀಳು ಹೊಲದಲ್ಲೋ ಟಿಟ್ಟಿಭವೊಂದು ತಲೆಯ ಮೇಲೆ ಅರಚುತ್ತ ಸುತ್ತತೊಡಗಿದರೆ ಅಲ್ಲೇ ನಿಂತು ಕಾಲ ಬುಡ ನೋಡಿಕೊಳ್ಳಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ನೆಲವನ್ನು ಸ್ವಲ್ಪ ಕೆದಕಿ, ಬೆಣಚುಕಲ್ಲಿನ ಬಣ್ಣದ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಅದೂ ಬೇಸಿಗೆಯಲ್ಲೇ. ಮೊಟ್ಟೆಗೆ ಕಾವು ಕೊಡುವುದು ಹಕ್ಕಿಯ ಕೆಲಸವೆಂದು ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಮೇ ತಿಂಗಳ ನಡುಹಗಲಿನಲ್ಲಿ ಈ ತಾಯ್ತಂದೆಯರಿಗೆ ಇರುವ ಕೆಲಸ ಅದರ ವಿರುದ್ಧ: ಮೊಟ್ಟೆ ಬೇಯದಂತೆ ಮೇಲೆ ನಿಂತು ನೆರಳು ಕೊಡುವುದು, ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ಒದ್ದೆ ಮಾಡುವುದು. ಫೋಟೊ ತೆಗೆಯುವ ಆಸೆಯಿಂದ ನೀವು ಅಲ್ಲಿ ಹತ್ತು ನಿಮಿಷ ನಿಂತರೆ ಅಷ್ಟೂ ಹೊತ್ತು ಮೊಟ್ಟೆಗಳು ಬಿಸಿಲಿನಲ್ಲಿರುತ್ತವೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯುವುದು ಉತ್ತಮ.

ಇನ್ನು ನೀರು. ಈ ಸೀಮೆಯ ಜನರಿಗೆ ಬಂಡೆಯ ಮೇಲಿನ ನೀರಿನ ಲೆಕ್ಕ ಹೊಸದಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲಿರುವ 4ನೆಯ ಶತಮಾನದ ಪ್ರಾಕೃತ ಶಾಸನ ಕದಂಬರ ಮಯೂರಶರ್ಮನ ಕೆರೆಯ ಕೆಲಸವನ್ನೇ ಹೇಳುತ್ತದೆ. ಕೋಟೆಯೊಳಗಿನ ಹೊಂಡಗಳೂ ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವಂತೆ ರಚನೆಯಾದವು. ಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆ ಪೂರ್ತಿ ಜಾರಿ ತಗ್ಗಿಗೆ ಸೇರುತ್ತದೆ. ಹಾಗೆ ನೈಸರ್ಗಿಕವಾಗಿ ನೀರು ನಿಲ್ಲುವ ಕಲ್ಲಿನ ಕುಳಿಯೇ ದೊಣೆ. ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಆವಿಯಾಗುತ್ತದೆ. ಒಂದು ಅಡಿ ಆಳದ ದೊಣೆ ಶಿವರಾತ್ರಿಗೆ ತುಂಬಿದ್ದರೂ ಎರಡು ತಿಂಗಳಲ್ಲಿ ಬರಿದು. ಬಾಯಿ ಕಿರಿದಾಗಿ ಹೊಟ್ಟೆ ಆಳವಾಗಿರುವ, ಅಥವಾ ಇಡೀ ದಿನ ಬಂಡೆಯ ನೆರಳಿರುವ ದೊಣೆಗಳು ಮಾತ್ರ ಮೇ ತಿಂಗಳವರೆಗೆ ಉಳಿಯುತ್ತವೆ. ಸುತ್ತಲಿನ ಹಲವು ಮೈಲಿಯ ಜೀವಿಗಳಿಗೆ ಆಗ ಅವೇ ವಿಳಾಸ.

ನೀರಿನ ಹಂಗು ಎಷ್ಟು ಬಿಗಿಯಾಗಿರಬಹುದೆಂದು ತೋರಿಸುವ ಪ್ರಾಣಿ ಕೊಂಡುಕುರಿ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ್ದು ಮುಖ್ಯವಾಗಿ ಇದಕ್ಕಾಗಿ. ಸುಮಾರು 77 ಚದರ ಕಿಲೋಮೀಟರ್ ಒಣಕಾಡು. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ, ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಗಂಡಿಗಷ್ಟೇ ಕೊಂಬು, ಹಿಂದಿನ ಜೊತೆ ಉದ್ದ, ಹಣೆಯ ಮೇಲಿನ ಜೊತೆ ಗಿಡ್ಡ. ತೂಕ ಇಪ್ಪತ್ತು ಕಿಲೋ ಆಸುಪಾಸು, ಅಂದರೆ ಒಂದು ಒಳ್ಳೆಯ ಮೇಕೆಗಿಂತ ದೊಡ್ಡದಲ್ಲ. ಜಿಂಕೆಗಳ ಹಾಗೆ ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ತೆರೆದ ಬಯಲಿನ ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ಮೇವಿನಲ್ಲಿರುವ ತೇವದಿಂದಲೇ ಎಷ್ಟೋ ದಿನ ಸುಧಾರಿಸಬಲ್ಲದು. ಕೊಂಡುಕುರಿಗೆ ಆ ಶಕ್ತಿಯಿಲ್ಲ, ನೀರಿನಿಂದ ಬಹಳ ದೂರ ಹೋಗದು. ಅಡಗಲು ಎತ್ತರದ ಹುಲ್ಲೂ ಬೇಕು. ನೀರು ಮತ್ತು ಹುಲ್ಲು ಒಟ್ಟಿಗೆ ಸಿಗುವ ಜಾಗ ಬೇಸಿಗೆಯಲ್ಲಿ ಎಷ್ಟಿರುತ್ತದೆ? ಜೊತೆಗೆ ಯಾರೋ ಬೀಡಿ ಸೇದಿ ಎಸೆದ ತುಂಡಿನಿಂದಲೋ, ಹೊಸ ಹುಲ್ಲು ಚಿಗುರಲೆಂದು ಇಟ್ಟ ಕಿಚ್ಚಿನಿಂದಲೋ ಗುಡ್ಡ ಸುಟ್ಟರೆ ನೀರಿದ್ದೂ ಮರೆಯಿಲ್ಲದಂತಾಗುತ್ತದೆ.

ಇದನ್ನು ನೋಡುವುದಕ್ಕಿಂತ ಇದರ ಗುರುತು ನೋಡುವುದು ಸುಲಭ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಕಾಲುದಾರಿಯ ಪಕ್ಕದಲ್ಲಿ ಹಳೆಯದು ಬಿಳಿಚಿ, ಹೊಸದು ಕಪ್ಪಾಗಿ ಹೊಳೆಯುವ ಹಿಕ್ಕೆಗಳ ಗುಡ್ಡೆ ಕಂಡರೆ ನೀವು ಅದರ ಮನೆಯಂಗಳದಲ್ಲಿದ್ದೀರಿ. ಎದುರಾದರೆ ಮೊದಲು ಅಲ್ಲಾಡದೆ ನಿಲ್ಲುತ್ತದೆ, ನಂತರ ಒಮ್ಮೆಗೇ ಚಿಮ್ಮಿ ಓಡುತ್ತದೆ.

ನೀರಿದ್ದಲ್ಲಿ ಎಲ್ಲರೂ ಬರುತ್ತಾರೆಂದ ಮೇಲೆ ಅಲ್ಲೇ ಹೋಗಿ ಕುಳಿತರಾಯಿತಲ್ಲ ಎನ್ನಿಸುವುದು ಸಹಜ. ನನ್ನ ಪ್ರಕಾರ ಬೇಸಿಗೆಯ ನಡಿಗೆಯಲ್ಲಿ ಮಾಡಬಾರದ ಮೊದಲ ಕೆಲಸ ಅದು. ಕೊಂಡುಕುರಿಗೆ ನಿಮ್ಮ ವಾಸನೆ ಬಂದರೆ ಅದು ಬಾಯಾರಿಕೊಂಡೇ ವಾಪಸು ಹೋಗುತ್ತದೆ. ಬೇರೊಂದು ದೊಣೆಗೆ ಹೋಗೋಣವೆಂದರೆ ಈ ತಿಂಗಳಲ್ಲಿ ಬೇರೊಂದು ದೊಣೆಯಿಲ್ಲ. ನೀರಿನ ದಾರಿಯನ್ನು ದೂರದಿಂದ, ಗಾಳಿಗೆ ಎದುರಾಗಿ, ದುರ್ಬೀನಿನಲ್ಲಿ ನೋಡಿ. ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರೂ ಊರಿನವರೂ ಟ್ಯಾಂಕರಿನಲ್ಲಿ ನೀರು ತಂದು ತುಂಬಿಸುವ ಸಿಮೆಂಟ್ ತೊಟ್ಟಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತೊಟ್ಟಿಯ ಅಂಚು ನೆಟ್ಟಗಿದ್ದು ಒಳಗೆ ಇಳಿಜಾರಿಲ್ಲದಿದ್ದರೆ ಅಳಿಲು, ಓತಿ, ಹಕ್ಕಿಮರಿಗಳು ಬಿದ್ದು ಸಾಯುತ್ತವೆ. ಒಂದೆರಡು ಒರಟು ಕಲ್ಲನ್ನು ಒಳಗೆ ಓರೆಯಾಗಿ ಇಟ್ಟರೆ ಹತ್ತಿ ಬರುತ್ತವೆ.

ಗಾಳಿಗೆ ಎದುರಾಗಿ ನಡೆಯಿರಿ ಎಂದೆನಲ್ಲ, ಕರಡಿಯ ವಿಷಯದಲ್ಲಿ ಆ ಬುದ್ಧಿಮಾತು ತಿರುಗುಬಾಣವಾಗುತ್ತದೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯಿಂದ ಹಿಡಿದು ಬಳ್ಳಾರಿಯ ಕಡೆಯ ಬೆಟ್ಟಗಳವರೆಗೆ ಬಂಡೆಗವಿಗಳಿರುವ ಕುರುಚಲು ಕಾಡು ಕರಡಿಗೆ ಹೇಳಿಮಾಡಿಸಿದ ನೆಲೆ. ಕರಡಿಯ ಮೂಗು ಚುರುಕು. ಕಣ್ಣು, ಕಿವಿ ಅಷ್ಟಕ್ಕಷ್ಟೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ನೀವು ಬರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೆದ್ದಲು ಹೀರುತ್ತಿರುವಾಗಲಂತೂ ಅದು ಮಾಡುವ ಸದ್ದೇ ನೂರು ಮೀಟರ್ ದೂರಕ್ಕೆ ಕೇಳಿಸುತ್ತದೆ. ನೀವು ತೀರಾ ಹತ್ತಿರ ಹೋದಾಗ ಗಾಬರಿಯಾಗಿ ಮೇಲೆ ಬೀಳುತ್ತದೆ. ಹೆಚ್ಚಿನ ದಾಳಿಗಳು ನಡೆಯುವುದು ಹೀಗೆ ಅಚಾನಕ್ಕಾಗಿ ಎದುರಾದಾಗ. ಬಂಡೆಗಳ ನಡುವಿನ ತಿರುವಿನಲ್ಲಿ, ಪೊದೆ ದಟ್ಟವಾದ ಕಡೆ ಜೋರಾಗಿ ಮಾತನಾಡುತ್ತ ಹೋಗುವುದೇ ಕ್ಷೇಮ. ಪಕ್ಷಿವೀಕ್ಷಕರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಅದರ ದೇಹರಚನೆಯನ್ನು ಸ್ವಲ್ಪ ಗಮನಿಸಬೇಕು. ಚಳ್ಳಕೆರೆಯ ಕಂಬಳಿ ಹೊದ್ದಂತೆ ಕಾಣುವ ಈ ಪ್ರಾಣಿ ಬಯಲುಸೀಮೆಯ ಬಿಸಿಲನ್ನು ಹೇಗೆ ತಡೆಯುತ್ತದೆ? ಹೊರಗಿನ ಕೂದಲು ಉದ್ದವಾಗಿ ಒರಟಾಗಿದ್ದರೂ ಚಳಿನಾಡಿನ ಕರಡಿಗಳಿಗಿರುವ ಒಳಗಿನ ದಟ್ಟ ತುಪ್ಪಟ ಇದಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ ಹಗಲು ಹೊತ್ತು ಗವಿಯಲ್ಲಿ ಮಲಗಿರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹುತ್ತವನ್ನು ಉಗುರಿನಿಂದ ಬಗೆದು, ಮಣ್ಣು ಊದಿ, ತುಟಿಗಳನ್ನು ಮುಂದೆ ಚಾಚಿ ಹಲ್ಲಿನ ಸಂದಿಯಿಂದ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅತ್ತಿ, ಕಾರೆ, ತೂಪ್ರದ ಹಣ್ಣು, ಕಕ್ಕೆಯ ಕಾಯಿಯೊಳಗಿನ ಕಪ್ಪು ತಿರುಳು ಇದರ ಊಟಕ್ಕೆ ಸೇರುತ್ತವೆ. ದಾರಿಯಲ್ಲಿ ಬೀಜ ತುಂಬಿದ ದೊಡ್ಡ ಲದ್ದಿ ಕಂಡರೆ ಕಡ್ಡಿಯಿಂದ ಕೆದಕಿ ನೋಡಿ; ಕಕ್ಕೆಯ ಬೀಜ ನುಣುಪಾಗಿ ಹೊಳೆಯುತ್ತಿದ್ದರೆ ಅನುಮಾನವಿಲ್ಲ. ಚಳಿಗಾಲದಲ್ಲಿ ಗವಿಯಲ್ಲಿ ಹುಟ್ಟಿದ ಮರಿಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ತಾಯಿಯ ಬೆನ್ನೇರಿ ಹೊರಬಂದಿರುತ್ತವೆ. ಮರಿಯಿರುವ ತಾಯಿ ಹಿಂದೆ ಸರಿಯುವುದಿಲ್ಲ. ಆದ್ದರಿಂದ ನಸುಕಿನಲ್ಲೇ ಗುಡ್ಡ ಹತ್ತುವ ಉತ್ಸಾಹ ಬೇಡ. ಬೆಳಕು ಪೂರ್ತಿ ಹರಿದ ಮೇಲೆ ಹೊರಟು ಒಂಬತ್ತಕ್ಕೆ ಮುಗಿಸಿ, ಸಂಜೆ ಸೂರ್ಯ ಮುಳುಗುವ ಮೊದಲೇ ಇಳಿಯಿರಿ. ಜೋಗಿಮಟ್ಟಿಯಾಗಲಿ ರಂಗಯ್ಯನದುರ್ಗವಾಗಲಿ ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೊಕ್ಕರೆ ಅಪರಾಧ. ಅನುಮತಿಯ ರಗಳೆ ಬೇಡವೆನ್ನುವವರಿಗೆ ಕೋಟೆಯ ಏರಿಳಿತ, ಚಂದ್ರವಳ್ಳಿಯ ಕೆರೆಯಂಗಳ, ಊರ ಹೊರಗಿನ ಬಂಡಿದಾರಿಗಳೇ ಸಾಕಷ್ಟು.

ಬಂಡಿದಾರಿಯ ಧೂಳನ್ನು ತಾತ್ಸಾರ ಮಾಡಬಾರದು. ರಾತ್ರಿಯ ಸಂಚಾರವೆಲ್ಲ ಅಲ್ಲಿ ದಾಖಲಾಗಿರುತ್ತದೆ. ಮನುಷ್ಯನ ಬರಿಗಾಲಿನಂತೆ ಕಂಡು ಮುಂದೆ ಉಗುರಿನ ಗೀರು ಬಿದ್ದಿದ್ದರೆ ಅದು ಕರಡಿಯ ಹಿಂಗಾಲು. ದಾರಿಯ ಅಂಚಿನಲ್ಲಿ, ಬಂಡೆಯ ನೆರಳಿನ ನಯವಾದ ಮಣ್ಣಿನಲ್ಲಿ, ಆಲಿಕೆ ಆಕಾರದ ರೂಪಾಯಿಯಗಲದ ಕುಣಿಗಳಿರುತ್ತವೆ. ಬುಡದಲ್ಲಿ ಮಣ್ಣಿನಡಿ ಇರುವೆಸಿಂಹವೆಂಬ ಕೀಟದ ಮರಿಹುಳುವೊಂದು ದವಡೆ ತೆರೆದು ಕಾಯುತ್ತಿರುತ್ತದೆ. ಕುಣಿಯ ಗೋಡೆಯನ್ನು ಅದು ಮಣ್ಣು ಕುಸಿಯದೆ ನಿಲ್ಲಬಲ್ಲ ಕಟ್ಟಕಡೆಯ ಇಳಿಜಾರಿಗೆ ಕೊರೆದಿರುತ್ತದೆ. ಇರುವೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಹತ್ತಲು ಹೊರಟರೆ ಹುಳು ಕೆಳಗಿನಿಂದ ತಲೆಯಲ್ಲಿ ಮಣ್ಣು ಚಿಮ್ಮಿ ಮತ್ತೆ ಬೀಳಿಸುತ್ತದೆ. ಇರುವೆಯ ರಸ ಹೀರಿ ಸಿಪ್ಪೆಯನ್ನು ಹೊರಗೆ ಎಸೆಯುತ್ತದೆ. ಅದರ ನೀರಿನ ಮಿತವ್ಯಯ ಎಷ್ಟೆಂದರೆ, ಕುಡಿಯುವುದು ಬೇಟೆಯ ಮೈಯ ತೇವವನ್ನಷ್ಟೇ, ಮರಿಹುಳುವಾಗಿರುವಷ್ಟು ಕಾಲವೂ ಮಲವನ್ನೇ ವಿಸರ್ಜಿಸುವುದಿಲ್ಲ. ರೆಕ್ಕೆ ಬಂದು ದೊಡ್ಡದಾದ ಮೇಲೆ ಮಾತ್ರ ಅದಕ್ಕೆ ಆ ಬಿಡುಗಡೆ.

ಮರಗಳ ನಡತೆ ಮೊದಲ ನೋಟಕ್ಕೆ ಅರ್ಥವಾಗುವುದಿಲ್ಲ. ನೆಲ ಬಿರಿಯುತ್ತಿರುವಾಗಲೇ ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು ಚಿಗುರುತ್ತವೆ, ಕಕ್ಕೆ ಹಳದಿ ಗೊಂಚಲು ಬಿಡುತ್ತದೆ. ನೀರೆಲ್ಲಿಂದ ಬಂತು? ಮರ ನೀರು ಕಳೆದುಕೊಳ್ಳುವುದು ಹೆಚ್ಚಾಗಿ ಎಲೆಯಿಂದ. ಹಳೆ ಎಲೆ ಉದುರಿಸಿದ ಮೇಲೆ ಆ ಸೋರಿಕೆ ನಿಲ್ಲುತ್ತದೆ, ಆಳದ ಬೇರು ತರುವ ಅಲ್ಪ ನೀರೂ ಕಾಂಡದಲ್ಲಿ ಕೂಡಿಕೊಳ್ಳುತ್ತದೆ. ಹಗಲು ಉದ್ದವಾಗುತ್ತಿದ್ದಂತೆ ಆ ಉಳಿತಾಯದಿಂದ ಹೊಸ ಎಲೆ ಹೊರಡುತ್ತದೆ. ಮಳೆ ಬಿದ್ದು ಹುಳುಹುಪ್ಪಟೆಗಳ ದಂಡು ಏಳುವಷ್ಟರಲ್ಲಿ ಎಲೆ ಬಲಿತಿರುತ್ತದೆ, ಮಳೆಯ ಮೊದಲ ದಿನದಿಂದಲೇ ಅಡುಗೆ ಶುರು. ಹೂಬಿಟ್ಟ ಹೊಂಗೆಯ ಕೆಳಗೆ ಐದು ನಿಮಿಷ ನಿಂತರೆ ಇಡೀ ಊರಿನ ಜೇನು ಅಲ್ಲೇ ಇದೆಯೇನೋ ಎನ್ನಿಸುತ್ತದೆ.

ದಾವಣಗೆರೆಯ ಸುತ್ತ ಈ ಲೆಕ್ಕ ಬೇರೆ. ಭದ್ರಾ ನಾಲೆ ಹರಿಯುವಲ್ಲಿ ಬೇಸಿಗೆ ಭತ್ತದ ಗದ್ದೆಗಳು ಹಸಿರಾಗಿರುತ್ತವೆ. ಕೊಕ್ಕನ್ನು ಮುಚ್ಚಿದರೂ ನಡುವೆ ಸಂದಿ ಉಳಿಯುವ ಬಾಯ್ಕಳಕ ಕೊಕ್ಕರೆ ಅಲ್ಲಿ ಬಸವನಹುಳು ಹುಡುಕುತ್ತಿರುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಾಗಲಿ, ಹರಿಹರದ ಕಡೆಯ ಕೊಂಡಜ್ಜಿ ಕೆರೆಯಲ್ಲಾಗಲಿ ನೀರು ಇಳಿದಂತೆಲ್ಲ ಮೀನು ಒತ್ತಾಗಿ, ತಿನ್ನುವವರು ದಂಡೆಗೆ ಬಂದು ಸೇರುತ್ತಾರೆ. ನಾಲೆಯಿಲ್ಲದ ಜಗಳೂರಿನಿಂದ ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಇಷ್ಟು ವ್ಯತ್ಯಾಸ.

ಚಳ್ಳಕೆರೆಯ ಕಡೆ ಹೋದರೆ ಗುಡ್ಡವೂ ಇಲ್ಲ, ನಾಲೆಯೂ ಇಲ್ಲ, ಹುಲ್ಲುಗಾವಲು. ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲಿನ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಅದರ ನ್ಯಾಯ ಅನ್ಯಾಯದ ಚರ್ಚೆ ಇನ್ನೂ ಮುಗಿದಿಲ್ಲ. ಉಳಿದ ಬಯಲಿನಲ್ಲಿ ಕುರಿಮಂದೆಯ ಜಾಡು ಹಿಡಿದು ತೋಳ ಬರುತ್ತದೆ. ಹಲವರು ನಾಯಿಯೆಂದುಕೊಂಡು ಸುಮ್ಮನಾಗುತ್ತಾರೆ. ಉದ್ದ ಕಾಲು, ಸಣಕಲು ನಡು, ಇಳಿಬಿಟ್ಟ ಬಾಲ, ಯಾರ ಕಡೆಗೂ ಬೊಗಳದೆ ಒಂದೇ ಸಮನೆ ಸಾಗುವ ನಡಿಗೆ ನೋಡಿದರೆ ಗುರುತು ಸಿಗುತ್ತದೆ. ಸಂಶಯವಿದ್ದರೆ ಕುರಿಗಾಹಿಯನ್ನು ಕೇಳಿ. ನಾಯಿಗೂ ತೋಳಕ್ಕೂ ವ್ಯತ್ಯಾಸ ತಿಳಿಯದ ಕುರಿಗಾಹಿ ಆ ಕಸುಬಿನಲ್ಲಿ ಬಹಳ ದಿನ ಉಳಿಯುವುದಿಲ್ಲ.

ಈ ನೋಟಗಳಿಗೆಲ್ಲ ಒಂದು ಗಡುವಿದೆ. ಮೇ ತಿಂಗಳ ಕೊನೆಯಲ್ಲಿ ಹುಟ್ಟುವ ರೋಹಿಣಿ ಮಳೆ ಸರಿಯಾಗಿ ಒಂದೆರಡು ದಿನ ಸುರಿಯಿತೆಂದರೆ ಹುತ್ತಗಳಿಂದ ರೆಕ್ಕೆ ಬಂದ ಗೆದ್ದಲು ಹೊಗೆಯಂತೆ ಏಳುತ್ತವೆ. ಹದ್ದು, ಕಾಜಾಣ, ಓತಿ, ಕಪ್ಪೆಗಳಿಗೆಲ್ಲ ಅಂದು ಹಬ್ಬ. ಮಖಮಲ್ಲಿನಂಥ ಕೆಂಪು ಹುಳುಗಳು ಮರುದಿನ ಬೆಳಿಗ್ಗೆ ಮಸಾರಿ ನೆಲದ ಮೇಲೆ ಹರಿದಾಡುವುದೂ ಆ ಗೆದ್ದಲನ್ನು ತಿನ್ನಲೆಂದೇ. ಕಲ್ಲಿನ ಪ್ರತಿ ತಗ್ಗಿನಲ್ಲೂ ನೀರು ನಿಂತ ಮೇಲೆ ಯಾರಿಗೂ ಒಂದೇ ದೊಣೆಯ ಹಂಗಿಲ್ಲ, ಎಲ್ಲರೂ ಚದುರುತ್ತಾರೆ. ಮೃಗಶಿರಾ ಮಳೆಯ ಹೊತ್ತಿಗೆ ಕೊಂಡುಕುರಿ ಎಲ್ಲಿದೆಯೆಂದು ಕೇಳಿದರೆ, ಊರಿನವರು ಗುಡ್ಡದ ಕಡೆ ಕೈ ಬೀಸಿ ತೋರಿಸಿ ತಮ್ಮ ಬಿತ್ತನೆಯ ಕೆಲಸಕ್ಕೆ ಹೋಗುತ್ತಾರೆ.